ಕರಿಯಮ್ಮಜ್ಜಿಯ ಕಂಬಳಿ ಗಂಟು

ಕರಿಯಮ್ಮಜ್ಜಿಯ ಎಡಭುಜ ಬಲಭುಜಕ್ಕಿಂತ ಎರಡು ಬೆರಳಿನಷ್ಟು ತಗ್ಗಾಗಿತ್ತು. ದೂರದಿಂದ ನಡೆದು ಬರುವಾಗ, ನೆಲಕ್ಕೆ ಬಿದ್ದದ್ದೇನನ್ನೋ ಹುಡುಕುತ್ತ ಒಂದು ಕಡೆಗೆ ವಾಲಿಕೊಂಡು ಬರುತ್ತಿದ್ದಾಳೆ ಅನ್ನಿಸುತ್ತಿತ್ತು. ಅದು ಹುಟ್ಟಿನಿಂದ ಬಂದ ಊನವಲ್ಲ, ಗಂಟು ಹೊತ್ತು ಹೊತ್ತು ಬಂದದ್ದು. ಐದನೇ ವಯಸ್ಸಿನಲ್ಲಿ ಆ ಭುಜವೇರಿ ಕೂತ ಗಂಟು ಅಜ್ಜಿಗೆ ಎಪ್ಪತ್ತು ದಾಟಿದರೂ ಇಳಿದಿರಲಿಲ್ಲ. ಹಾಲಿನ ಡೈರಿಗೆ ಹೋದರೂ ಗಂಟು, ಪಕ್ಕದ ಬೀದಿಯ ಮದುವೆಗೆ ಹೋದರೂ ಗಂಟು. ಕರಿಕಂಬಳಿಯ ನಾಲ್ಕು ಮೂಲೆ ಸೇರಿಸಿ ಬಿಗಿದದ್ದು. ಅದರೊಳಗೆ ಒಂದು ಸೀರೆ, ಎಲೆಅಡಿಕೆ ಚೀಲ, ಒಂದು ಹಿತ್ತಾಳೆ ಲೋಟ, ಇನ್ನೊಂದಿಷ್ಟು ಚೂರುಪಾರು ಇರುತ್ತಿತ್ತು.

ನಾನು ಬಸ್ ಕಂಡಕ್ಟರ್. ಜನರ ಮುಖಕ್ಕಿಂತ ಮೊದಲು ಅವರ ಲಗೇಜು ನೋಡುವುದು ನನ್ನ ಹೊಟ್ಟೆಪಾಡಿನ ಚಾಳಿ. ಯಾವ ಚೀಲದಲ್ಲಿ ಅಕ್ಕಿ ಇದೆ, ಯಾವುದರಲ್ಲಿ ಕೋಳಿ ಇದೆ, ಯಾವ ಮೂಟೆಯನ್ನು ಮೇಲೆ ಹಾಕಿಸಬೇಕು, ಇದೆಲ್ಲ ಜನ ಮೆಟ್ಟಿಲು ಹತ್ತುವಷ್ಟರಲ್ಲಿ ನನಗೆ ಗೊತ್ತಾಗಬೇಕು. ಹಿರಿಯೂರಿನ ನಮ್ಮ ಬಾಡಿಗೆ ಮನೆಯ ಹಿಂದಿನ ಕೋಣೆಗೆ ಕರಿಯಮ್ಮಜ್ಜಿ ಬಂದಾಗಲೂ ಮೊದಲು ನೋಡಿದ್ದು ಗಂಟನ್ನೇ. ಮನೆ ಬದಲಿಸುವ ಹೆಂಗಸು ಒಂದೇ ಗಂಟು ಹೊತ್ತು ಬಂದದ್ದು ಕಂಡು, ಉಳಿದ ಸಾಮಾನು ಯಾವಾಗ ಬರುತ್ತದೆ ಅಜ್ಜಿ ಎಂದು ಕೇಳಿದೆ.

"ಇಷ್ಟೇ ಕಣಪ್ಪ. ಎತ್ತಲಾರದ್ದು ನಂದಲ್ಲ," ಅಂದಳು.

ಯಾವುದೋ ವೇದಾಂತದ ಮಾತು ಅಂದುಕೊಂಡು ನಕ್ಕು ಒಳಗೆ ಹೋದೆ. ಅದು ವೇದಾಂತವಲ್ಲ, ಕುರಿಯವರ ಮನೆಯ ಕಾಯಿದೆ ಎಂದು ಆಮೇಲೆ ತಿಳಿಯಿತು.

ಅಜ್ಜಿಯ ತವರು ಯಲ್ಲದಕೆರೆ. ಸುಗ್ಗಿ ಮುಗಿದ ಮೇಲೆ ಅವರ ಮನೆಯವರು ಕುರಿ ಹೊಡೆದುಕೊಂಡು ಊರೂರು ತಿರುಗುತ್ತಿದ್ದರಂತೆ. ರೈತರು ಗೊಬ್ಬರದ ಆಸೆಗೆ ತಮ್ಮ ಹೊಲದಲ್ಲಿ ಕುರಿಮಂದೆ ನಿಲ್ಲಿಸಿಕೊಳ್ಳುತ್ತಿದ್ದರು. ಇವತ್ತು ಈ ಹೊಲ, ನಾಲ್ಕು ದಿನ ಬಿಟ್ಟು ಮತ್ತೊಂದು. ನಡೆಯಲು ಬರುವ ಪ್ರತಿಯೊಬ್ಬರಿಗೂ ಅವರದೇ ಒಂದು ಗಂಟು. ಹಸುಗೂಸನ್ನೂ ಆಗತಾನೆ ಹುಟ್ಟಿದ ಮರಿಯನ್ನೂ ಮಾತ್ರ ಬೇರೆಯವರು ಹೊರಬೇಕು. ಮಿಕ್ಕಂತೆ ಎತ್ತಲಾರದ್ದನ್ನು ಹೊಲದ ಬದುವಿನಲ್ಲೇ ಬಿಟ್ಟು ಹೊರಡಬೇಕು. ಐದು ವರ್ಷದ ಕರಿಯಮ್ಮ ಒಂದು ಸಲ ದಾರಿಯಲ್ಲಿ ಸಿಕ್ಕಿದ ಗಾಜಿನ ಚೂರು, ಒಡೆದ ಬಳೆ, ಮುರಿದ ಗಾಲಿ, ಕಲ್ಲು ಮಣ್ಣು ಎಲ್ಲ ತುಂಬಿಕೊಂಡು ಗಂಟು ಎತ್ತಲಾರದೆ ಅಳುತ್ತ ಕೂತಳು. ಅವರಪ್ಪ ಬೈಯಲಿಲ್ಲ, ತಾನು ಹೊರಲೂ ಇಲ್ಲ. ಕಂಬಳಿ ಬಿಚ್ಚಿ ಹಾಸಿ ಎದುರಿಗೆ ಕೂತು, "ಯಾವುದು ಬೇಕೋ ಆರಿಸ್ಕ. ಕುರಿ ಮುಂದಕ್ಕೆ ಹೋಗ್ತಾವೆ" ಅಂದನಂತೆ. ಅವಳು ಆರಿಸಿಕೊಂಡದ್ದು ವೇದಾವತಿ ಹೊಳೆಯ ಐದು ನುಣುಪು ಕಲ್ಲು, ಮೇಲೆಸೆದು ಹಿಡಿಯುವ ಆಣೆಕಲ್ಲು ಆಡುವುದಕ್ಕೆ. ಮದುವೆಯಾಗಿ ಹೋದಾಗ, ಗಂಡ ತೀರಿಕೊಂಡ ಮೇಲೆ ಅಂಗನವಾಡಿ ಸಹಾಯಕಿಯಾಗಿ ಸೇರಿದಾಗ, ಆ ಕೆಲಸವೂ ಮುಗಿದು ನಮ್ಮ ಹಿಂದಿನ ಕೋಣೆಗೆ ಬಂದಾಗ, ಆ ಐದು ಕಲ್ಲು ಗಂಟಿನಲ್ಲೇ ಇದ್ದವು.

ನಮ್ಮ ಮನೆಯ ಕಥೆಯೇ ಬೇರೆ. ನನ್ನ ಹೆಂಡತಿ ಸವಿತ ಐಮಂಗಲದಲ್ಲಿ ನರ್ಸು. ನನ್ನ ರೂಟು ದೂರದ್ದು. ಇವತ್ತು ಹೊರಟರೆ ನಾಳಿದ್ದು ಬೆಳಿಗ್ಗೆ ಮನೆ. ಬಂದವನು ಸ್ನಾನ ಮಾಡಿ, ಮುದ್ದೆ ಉಂಡು, ಸಂಜೆಯವರೆಗೆ ಮೈಮೇಲೆ ಎಚ್ಚರವಿಲ್ಲದೆ ಬೀಳುತ್ತಿದ್ದೆ. ಮಗಳು ಚಂದನಳ ಪಾಲಿಗೆ ಅಪ್ಪ ಅಂದರೆ ಮಂಚದ ಮೇಲಿನ ಗೊರಕೆ. ಈ ಸಂಕಟಕ್ಕೆ ನಾನು ಕಂಡುಕೊಂಡ ಮದ್ದು ಆಟಿಕೆ. ಬಸ್ ನಿಲ್ದಾಣಗಳಲ್ಲಿ ಆಟಿಕೆ ಮಾರುವವರು ಹತ್ತಿ ಇಳಿಯುತ್ತಾರಲ್ಲ, ದಾವಣಗೆರೆಯಿಂದ ಆಚೆಗೆ ಅವರಿಗೆಲ್ಲ ನನ್ನ ಮಗಳ ವಯಸ್ಸು ಬಾಯಿಪಾಠವಾಗಿತ್ತು. ಹೊಸ ಮಾಲು ಬಂದರೆ ನನಗೆಂದು ಒಂದು ತೆಗೆದಿಡುತ್ತಿದ್ದರು. ಡೋಲು ಬಾರಿಸುವ ಕೋತಿ, ಪಲ್ಟಿ ಹೊಡೆಯುವ ಜೀಪು, ದೀಪ ಉರಿಯುವ ಬುಗುರಿ, ಕಣ್ಣು ಮುಚ್ಚಿ ತೆರೆಯುವ ಗೊಂಬೆಗಳೇ ಏಳು. ಮಂಚದ ಕೆಳಗೆ, ಫ್ರಿಜ್ಜಿನ ಮೇಲೆ, ಮೂರು ಬಕೆಟ್ಟುಗಳಲ್ಲಿ, ಬಟ್ಟೆಯ ಬೀರುವಿನಲ್ಲಿ, ಎಲ್ಲಿ ಕೈಯಿಟ್ಟರೂ ಏನಾದರೊಂದು ಕೀಂ ಅನ್ನುತ್ತಿತ್ತು. ಬೆಳಿಗ್ಗೆ ನಾನು ಬಾಗಿಲು ಬಡಿದರೆ ಚಂದನ ಓಡಿ ಬಂದು, "ಏನು ತಂದೆ?" ಎಂದು ಬ್ಯಾಗಿಗೆ ಕೈ ಹಾಕುತ್ತಿದ್ದಳು. ಎಷ್ಟು ಪ್ರೀತಿ ನೋಡು ನನ್ನ ಮಗಳಿಗೆ ಎಂದು ನಾನು ಬೀಗುತ್ತಿದ್ದೆ.

ಅವಳಿಗೆ ನಾಲ್ಕು ತುಂಬುವ ಹೊತ್ತಿಗೆ, ಮನೆಯಲ್ಲಿದ್ದು ನೋಡಿಕೊಳ್ಳುತ್ತಿದ್ದ ನನ್ನತ್ತೆ ಊರಿಗೆ ಹೋಗಬೇಕಾಯಿತು. ಸವಿತ ಹಿಂದಿನ ಕೋಣೆಗೆ ಹೋಗಿ ಕರಿಯಮ್ಮಜ್ಜಿಯನ್ನು ಕೇಳಿಕೊಂಡಳು. ಅಜ್ಜಿ ಥಟ್ಟನೆ ಒಪ್ಪಿದಳು, ಸಂಬಳದ ಮಾತು ಬಂದಾಗ ಮಾತ್ರ ಮುಖ ಗಂಟಿಕ್ಕಿದಳು. ಮೊದಲ ದಿನ ಒಳಗೆ ಬಂದವಳು ಕೂರಲು ಜಾಗ ಹುಡುಕಿ ಹುಡುಕಿ, ಕೊನೆಗೆ ದಿವಾನದ ಮೂಲೆಯಲ್ಲಿ ಕೂತರೆ ಕೆಳಗಿಂದ ರಬ್ಬರಿನ ಬಾತುಕೋಳಿ ಕಿರುಚಿತು. ಅಜ್ಜಿ ಮೇಲೇಳಲಿಲ್ಲ. ಇದರ ತಾಯಿ ಎಲ್ಲೈತೋ ಎಂದು ಕೇಳಿದಳು. ಅದೂ ಅಲ್ಲೇ ದಿಂಬಿನ ಕೆಳಗೆ ಇತ್ತು.

ಹತ್ತು ದಿನ ಅಜ್ಜಿ ತುಟಿ ಬಿಚ್ಚಲಿಲ್ಲ, ಬರೀ ನೋಡಿದಳು. ಚಂದನ ಆಡುತ್ತಿರಲಿಲ್ಲವಂತೆ, ಹರಡುತ್ತಿದ್ದಳಂತೆ. ಒಂದನ್ನು ಎತ್ತಿ, ಎಸೆದು, ಇನ್ನೊಂದನ್ನು ಎತ್ತಿ, ಮಧ್ಯಾಹ್ನದ ಹೊತ್ತಿಗೆ ಆ ರಾಶಿಯ ನಡುವೆ ಕೂತು ಬೇಜಾರು ಎಂದು ರಾಗ ತೆಗೆಯುತ್ತಿದ್ದಳು. ಹನ್ನೊಂದನೇ ದಿನ ಅಜ್ಜಿ ತನ್ನ ಗಂಟು ಬಿಚ್ಚಿ, ಸಾಮಾನನ್ನು ಪಕ್ಕಕ್ಕಿಟ್ಟು, ಕಂಬಳಿ ಕೊಡವಿ ನಡುಮನೆಯಲ್ಲಿ ಹಾಸಿದಳು. ಇದರಾಗೆ ಕಟ್ಟಿ ನೀನೇ ಎತ್ತಿದಷ್ಟು ನಿಂದು, ಉಳಿದದ್ದು ಅಟ್ಟದ್ದು ಅಂದಳು. ಚಂದನ ಮೊದಲು ಎಲ್ಲವನ್ನೂ ಸುರಿದಳು. ಎತ್ತಲು ಆಗಲಿಲ್ಲ. ಅತ್ತಳು. ಅಜ್ಜಿ ಎದುರಿಗೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳೇ ಹೊರತು ಕೈ ಹಾಕಲಿಲ್ಲ. ಮಗು ಒಂದು ತೆಗೆದು, ಎತ್ತಿ ನೋಡಿ, ಇನ್ನೊಂದು ತೆಗೆದು, ಹೀಗೆ ಊಟದ ಹೊತ್ತು ಮೀರಿತು. ಕೊನೆಗೆ ಗಂಟು ಮೇಲೆದ್ದಾಗ ಅದರಲ್ಲಿ ಇದ್ದದ್ದು ಒಂದು ಗೊಂಬೆ, ಮರದ ಬುಗುರಿ, ಎರಡು ತಟ್ಟೆ, ಒಂದು ಚೆಂಡು, ಮತ್ತೆ ನಮ್ಮ ಅಡಿಗೆಮನೆಯ ಸಾರಿನ ಸೌಟು. ಅಂದಿನಿಂದ ಕಂಬಳಿ ಹಾಸಿದರೆ ಆಟ. ಆಟ ಮುಗಿದರೆ ಮೂಲೆ ಕಟ್ಟಿ ಮೊಳೆಗೆ ನೇತುಹಾಕಬೇಕು.

ಟ್ರಿಪ್ಪು ಮುಗಿಸಿ ಬಂದು ಒಳಗೆ ಕಾಲಿಟ್ಟವನು ಬೇರೆ ಮನೆಗೆ ಬಂದೆನೇನೋ ಎಂದು ಹಿಂದೆ ಸರಿದೆ. ನಡುಮನೆಯ ನೆಲ ಹಸಿರು ಬಣ್ಣದ್ದು ಎಂಬುದೇ ನನಗೆ ಮರೆತುಹೋಗಿತ್ತು. ಸಂತೋಷವಾಗಬೇಕಿತ್ತು, ಹೊಟ್ಟೆ ಉರಿಯಿತು. ಅಟ್ಟದ ಮೇಲಿನ ಗೋಣಿಚೀಲಗಳಲ್ಲಿ ಕಟ್ಟಿಟ್ಟದ್ದು ನನ್ನನ್ನೇ ಅನ್ನಿಸಿತು. ಮಕ್ಕಳು ಅಂದಮೇಲೆ ಆಟದ ಸಾಮಾನು ಇರಲಿ ಬಿಡಜ್ಜಿ, ನಮಗಂತೂ ಇರಲಿಲ್ಲ ಎಂದೆ.

"ಹೊಲ ತುಂಬ ಮೇವು ಬಿದ್ದಿದ್ರೆ ಕುರಿ ತುಳಿಯೋದೇ ಹೆಚ್ಚು ಕಣಪ್ಪ, ತಿನ್ನೋದು ಕಡಿಮೆ," ಅಂದಳು ಅಜ್ಜಿ.

ನಾನು ಹೋಗಿ ಮಲಗಿಬಿಟ್ಟೆ. ಸಂಜೆ ಎದ್ದಾಗ ಚಂದನ ಸೌಟನ್ನು ಗೊಂಬೆಯ ಹೆಗಲಿಗೆ ಒರಗಿಸಿ, ಅದಕ್ಕೆ ಜ್ವರ ಬಂದಿದೆ ಎಂದು ಅಜ್ಜಿಗೆ ವರದಿ ಒಪ್ಪಿಸುತ್ತಿದ್ದಳು. ಎರಡು ಗಂಟೆ ಹೊತ್ತು ಅದೇ ಜ್ವರ, ಅದೇ ಸೌಟು. ಬೇಜಾರು ಎಂಬ ಮಾತು ಬರಲಿಲ್ಲ. ನಾನು ಒಪ್ಪಿಕೊಳ್ಳಲಿಲ್ಲ. ಮುಂದಿನ ಟ್ರಿಪ್ಪಿನಲ್ಲೂ ಒಂದು ತಂದೆ. ಅದು ಅರ್ಧ ದಿನ ಕಂಬಳಿಯ ಮೇಲಿದ್ದು ಅಟ್ಟಕ್ಕೆ ಹೋಯಿತು.

ಅಜ್ಜಿಯ ಕಾಯಿದೆಗೆ ಇನ್ನೊಂದು ಕಲಮಿತ್ತು. ಅಮಾವಾಸ್ಯೆಯಿಂದ ಅಮಾವಾಸ್ಯೆಯವರೆಗೆ ಮಗು ಕೇಳದೇ ಇದ್ದ ಆಟಿಕೆ ಅಟ್ಟದಿಂದ ಇಳಿದು ತನ್ನ ಹಳೇ ಅಂಗನವಾಡಿಗೆ ಹೋಗಬೇಕು. ಸವಿತಳಿಗೆ ಹೇಳಿ, ಚಂದನಳನ್ನು ಕೇಳಿಯೇ ಕಳಿಸುತ್ತಿದ್ದಳು. ಇಲ್ಲಿ ಅಜ್ಜಿ ಒಂದು ತಪ್ಪು ಮಾಡಿದಳು. ಎರಡನೇ ಅಮಾವಾಸ್ಯೆಯ ಚೀಲದಲ್ಲಿ ಒಂದು ತಗಡಿನ ಬಸ್ಸೂ ಹೋಯಿತು. ಅಂಗೈ ಉದ್ದದ್ದು, ಕೆಂಪು ಬಣ್ಣದ್ದು, ಕಿಟಕಿಗಳಲ್ಲಿ ಬರೆದ ಪ್ರಯಾಣಿಕರಿದ್ದದ್ದು. ಚಂದನ ಹುಟ್ಟಿದಾಗ ನಾನು ಹುಬ್ಬಳ್ಳಿಯಲ್ಲಿದ್ದೆ. ಫೋನು ಬಂತು, ಆದರೆ ಬಸ್ಸು ತುಂಬ ಜನರನ್ನು ದಾರಿಯಲ್ಲಿ ಬಿಟ್ಟು ಬರುವ ಹಾಗಿರಲಿಲ್ಲ. ಅಲ್ಲೇ ನಿಲ್ದಾಣದಲ್ಲಿ ಆ ಬಸ್ಸು ಕೊಂಡು, ಟ್ರಿಪ್ಪು ಮುಗಿಯುವವರೆಗೂ ಜೇಬಿನಲ್ಲಿ ಹಿಡಿದುಕೊಂಡೇ ಇದ್ದೆ. ಮಗುವಿನ ಮುಖ ನೋಡುವುದಕ್ಕೆ ಮೊದಲು ನಾನು ಮಾಡಿದ ಕೆಲಸ ಅದೊಂದೇ.

ಕೊಡೆ ಹುಡುಕಲು ಅಟ್ಟ ಹತ್ತಿದಾಗ ಬಸ್ಸು ಇಲ್ಲದ್ದು ಗೊತ್ತಾಯಿತು. ಕೆಳಗಿಳಿದು ಬಂದು ಕೂಗಾಡಿದೆ. ಕೆಲಸಕ್ಕೆ ಬಂದವರು ಕೆಲಸ ನೋಡಿಕೊಂಡು ಹೋಗಬೇಕು, ಮನೆ ಯಜಮಾನಿಕೆ ಮಾಡಬಾರದು ಎಂದೆ. ಒಂದು ರೂಪಾಯಿ ಸಂಬಳ ಮುಟ್ಟದ ಮುದುಕಿಗೆ ಆಡಿದ ಮಾತು ಇದು. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ. ಅಜ್ಜಿ ಚಂದನಳ ಆಟಿಕೆಗಳನ್ನು ಒಂದೊಂದಾಗಿ ನೆಲಕ್ಕಿಟ್ಟು, ಕಂಬಳಿ ಕೊಡವಿ, ತನ್ನ ಸಾಮಾನು ಕಟ್ಟಿ, ಎಡಭುಜಕ್ಕೇರಿಸಿ ಹೊರಟುಹೋದಳು. ಹಿಂದಿನ ಕೋಣೆಗೆ ಹೋಗಿರಬೇಕು ಅಂದುಕೊಂಡೆ. ಮಧ್ಯಾಹ್ನ ನೋಡಿದರೆ ಕೋಣೆಗೆ ಬೀಗ. ಅಂದು ನನಗೆ ಹಗಲುನಿದ್ದೆ ಹತ್ತಲಿಲ್ಲ. ಆಸ್ಪತ್ರೆಯಿಂದ ಬಂದ ಸವಿತ ವಿಷಯ ಕೇಳಿ ನನ್ನ ಜೊತೆ ಮಾತು ಬಿಟ್ಟಳು.

ದೀಪ ಹಚ್ಚುವ ಹೊತ್ತಿಗೆ ಅಜ್ಜಿ ಬಂದಳು. ಕೈಯಲ್ಲಿ ತಗಡಿನ ಬಸ್ಸಿತ್ತು. ಚಂದನ ಎದುರಿಗೇ ನಿಂತಿದ್ದರೂ ಅವಳಿಗೆ ಕೊಡಲಿಲ್ಲ. ನನ್ನ ಕೈಗಿಟ್ಟಳು.

"ಮಗೂನ ಕೇಳಿದ್ದೆ, ನಿನ್ನ ಕೇಳ್ಲಿಲ್ಲ. ಅದು ನನ್ನ ತಪ್ಪು," ಅಂದಳು. "ಇದು ಅವಳದ್ದಲ್ಲ ಕಣಪ್ಪ, ನಿಂದು. ನಿನ್ನ ಗಂಟಿನಾಗೆ ಇಟ್ಕ."

ನನ್ನ ಕಣ್ಣು ತುಂಬಿದ್ದು ನೋಡಿ ಅಜ್ಜಿಯೇ ಕುಂತ್ಕ ಅಂದಳು, ತಾನೂ ಕೂತಳು. ಆಮೇಲೆ, ಮೊದಲ ಹತ್ತು ದಿನ ಬರೀ ನೋಡುತ್ತಿದ್ದಾಗ ತನಗೆ ಕಂಡದ್ದರಲ್ಲಿ ಇನ್ನೊಂದನ್ನು ಹೇಳಿದಳು.

"ಬಾಗಿಲು ತೆಗೆದ್ರೆ ಅವಳು ನಿನ್ನ ಬ್ಯಾಗು ನೋಡ್ತಾಳೆ, ಮುಖ ನೋಡಲ್ಲ. ಮುಂದಿನ ಸಲ ಬರಿಗೈಲಿ ಬಾ ನೋಡಾಣ."

ಹಾಗೆ ಬಂದರೆ ಮಗು ಬೇಜಾರು ಮಾಡಿಕೊಳ್ಳುವುದಿಲ್ಲವೇ ಎಂದು ಕೇಳಿದೆ. ಮಾಡ್ಕಂತಾಳೆ, ಮಾಡ್ಕಳ್ಳಿ ಅಂದಳು.

ಆ ಬಸ್ಸು ಹೇಗೆ ವಾಪಸು ಬಂತು ಎಂದು ಅಜ್ಜಿ ಬಾಯಿ ಬಿಡಲಿಲ್ಲ. ತಿಂಗಳ ಮೇಲೆ ಅಂಗನವಾಡಿಯ ಟೀಚರು ನನ್ನ ಬಸ್ಸಿಗೇ ಹತ್ತಿದಾಗ ಗೊತ್ತಾಯಿತು. ಕೂಲಿಯವರ ಮಗಳೊಬ್ಬಳು ಬಸ್ಸನ್ನು ಎದೆಗವಚಿಕೊಂಡು ಮನೆಗೊಯ್ದಿದ್ದಳಂತೆ. ಅಜ್ಜಿ ಆ ಮನೆಗೆ ಹೋಗಿ, ಕೇಳದೆ, ಕಿತ್ತುಕೊಳ್ಳದೆ, ಜಗಲಿಯ ಮೇಲೆ ಕೂತು ತನ್ನ ಐದು ಕಲ್ಲು ತೆಗೆದು ಆಣೆಕಲ್ಲು ಆಡತೊಡಗಿದಳು. ಹುಡುಗಿ ಹತ್ತಿರ ಬಂದಳು. ಅಜ್ಜಿ ಅವಳಿಗೆ ಆಟ ಕಲಿಸಿದಳು. ಹೊತ್ತು ಇಳಿಯುವಷ್ಟರಲ್ಲಿ ಹುಡುಗಿಯೇ ಬಸ್ಸು ಮುಂದಿಟ್ಟು ಕಲ್ಲು ಕೇಳಿದಳಂತೆ. ಅರವತ್ತೈದು ವರ್ಷ ಗಂಟಿನಲ್ಲಿದ್ದ ಕಲ್ಲುಗಳು. ಅಂದು ಹಿರಿಯೂರಿನವರೆಗೆ ನನಗೆ ಟಿಕೆಟ್ ಕೊಡುವುದರಲ್ಲಿ ಗಮನವೇ ಇರಲಿಲ್ಲ. ಮನೆಗೆ ಬಂದು ಅಜ್ಜಿಯ ಮುಂದೆ ಆ ಮಾತೆತ್ತಿದರೆ, ಹೊಳೆಯಾಗೆ ಕಲ್ಲಿಗೇನು ಬರ ಎಂದು ತೇಲಿಸಿಬಿಟ್ಟಳು. ಹೊಳೆಗೆ ಹೋಗಿ ಬೇರೆ ಐದು ಕಲ್ಲು ಆರಿಸಿಕೊಂಡದ್ದನ್ನು ಮಾತ್ರ ನಾನು ಕಾಣಲಿಲ್ಲ.

ಬರಿಗೈಲಿ ಬರುವುದು ನಾನಂದುಕೊಂಡಷ್ಟು ಸುಲಭವಿರಲಿಲ್ಲ. ದಾವಣಗೆರೆಯ ಆಟಿಕೆಯವನು, ಅಣ್ಣ ಮನೇಲಿ ಎಲ್ಲ ಚೆನ್ನಾಗಿದಾರಾ ಎಂದು ಗಾಬರಿಯಿಂದ ಕೇಳಿದ. ಮೊದಲ ಸಲ ಚಂದನ ಬ್ಯಾಗನ್ನು ಬುಡಮೇಲು ಮಾಡಿ, ನನ್ನ ಬನಿಯನ್ನು ಕೊಡವಿ ನೋಡಿ, ಸಿಟ್ಟಿನಿಂದ ಅಡಿಗೆಮನೆಗೆ ಹೋದಳು. ಎರಡನೇ ಸಲ ಬ್ಯಾಗು ಮುಟ್ಟಿ ನೋಡಿ ಬಿಟ್ಟಳು. ಮೂರನೇ ಸಲ ಅವಳಿಗೆ ಸಿಕ್ಕಿದ್ದು ಟಿಕೆಟ್ ಮಿಷನ್ನಿನ ಕಾಗದದ ಸುರುಳಿ ಮುಗಿದ ಮೇಲೆ ಉಳಿದ ಪುಟ್ಟ ಕೊಳವೆ ಮತ್ತು ನನ್ನ ಸೀಟಿ. ಇದನ್ನು ಹೇಗೆ ಊದುವುದು ಎಂದು ಕೇಳಿದಳು. ತೋರಿಸಿದೆ. ತೋರಿಸಲು ನೆಲಕ್ಕೆ ಕೂತವನು ಕಂಬಳಿಯ ಮೇಲೇ ಕೂತಿದ್ದೆ.

ಅಂದು ಕಂಬಳಿ ಬಸ್ಸಾಯಿತು. ಚಂದನ ಕಂಡಕ್ಟರು, ಚೆಂಡು ಸ್ಟೇರಿಂಗು, ಗೊಂಬೆ ಡ್ರೈವರು. ನಾನು ಹಿಂದಿನ ಸೀಟಿನ ಪ್ರಯಾಣಿಕ. ಅಜ್ಜಿ ಐಮಂಗಲದಲ್ಲಿ ಹತ್ತಿದಳು, ಹತ್ತಿದವಳೇ ಇಳಿಯಲು ಒಪ್ಪಲಿಲ್ಲ. ಚಂದನ ಅವಳ ಎಲೆಅಡಿಕೆ ಚೀಲಕ್ಕೆ ಲಗೇಜು ಚಾರ್ಜು ಕೇಳಿದಾಗ, ನಾನೇ ಎತ್ತೋ ಗಂಟಿಗೆ ಎಂಥ ಚಾರ್ಜು ತಾಯಿ ಎಂದು ಜಗಳ ತೆಗೆದಳು. ಆ ಜಗಳ ಬಿಡಿಸಲು ನಾನು ಎದ್ದರೆ, ಪ್ರಯಾಣಿಕರು ಸೀಟಿನಲ್ಲೇ ಕುಂತ್ಕಬೇಕು ಎಂದು ನನ್ನ ಮಗಳು ಗದರಿದಳು. ಥೇಟ್ ನನ್ನದೇ ದನಿ. ಹುಬ್ಬಳ್ಳಿಗೆ ಹೋಗಿ ಬಂದೆವು. ನಿದ್ದೆ ಮಾಡುವುದು ಮರೆತೇಹೋಯಿತು. ನಾಲ್ಕು ವರ್ಷದಲ್ಲಿ ತಂದುಹಾಕಿದ ಅಷ್ಟೊಂದು ಸಾಮಾನಿನಲ್ಲಿ ಒಂದರ ಜೊತೆಗೂ ನಾನು ಹೀಗೆ ಕೂತಿರಲಿಲ್ಲ ಎಂಬುದು ಆಗಲೇ ಹೊಳೆದದ್ದು. ಸಂಜೆ ಕಂಬಳಿ ಕಟ್ಟುವಾಗ ಅಜ್ಜಿ ನನ್ನ ಕಡೆ ನೋಡಿ, "ನಿನ್ನೂ ಕಟ್ಟಬೇಕೇನು ಇದರಾಗೆ?" ಎಂದು ನಕ್ಕಳು.

ಎರಡು ವರ್ಷಕ್ಕೂ ಹೆಚ್ಚು ಕಾಲ ಆ ಬಸ್ಸು ಓಡಿತು. ಆಮೇಲೆ ಅಜ್ಜಿಯ ಮಂಡಿ ಸೋತಿತು. ಒಬ್ಬಳೇ ಇರುವುದು ಬೇಡವೆಂದು ಯಲ್ಲದಕೆರೆಯಿಂದ ತಮ್ಮನ ಮಗ ಕರೆಯಲು ಬಂದ. ಹೊರಡುವ ಬೆಳಿಗ್ಗೆ ಅಜ್ಜಿ ಕಂಬಳಿ ಹಾಸಿ, ಸಾಮಾನಿಟ್ಟು, ನಾಲ್ಕು ಮೂಲೆ ಬಿಗಿದು, ಎಡಗೈ ಹಾಕಿ ಎತ್ತಿದಳು. ಗಂಟು ಏಳಲಿಲ್ಲ. ಇನ್ನೊಂದು ಸಲ ಎತ್ತಿದಳು. ನಾವೆಲ್ಲ ಬೇರೆ ಎಲ್ಲೋ ನೋಡುತ್ತ ನಿಂತೆವು. ತಮ್ಮನ ಮಗ ಕೈ ಚಾಚಿದರೆ ಅದನ್ನು ತಳ್ಳಿಬಿಟ್ಟಳು. ಕೂತು ಗಂಟು ಬಿಚ್ಚಿ, ಲೋಟ ತೆಗೆದು ಆಚೆಗಿಟ್ಟಳು. ಆಗಲೂ ಏಳಲಿಲ್ಲ. ಸ್ವಲ್ಪ ಹೊತ್ತು ಕಂಬಳಿಯನ್ನು ಸವರುತ್ತ ಕೂತಿದ್ದಳು. ಕಡೆಗೆ ಸೀರೆ, ಎಲೆಅಡಿಕೆ ಚೀಲ ಎರಡನ್ನೂ ಒಂದು ಟವಲಿನಲ್ಲಿ ಕಟ್ಟಿ, ಕಂಬಳಿಯನ್ನು ಮಡಿಸಿ ಗೋಡೆಯ ಪಕ್ಕಕ್ಕೆ ಸರಿಸಿದಳು.

"ಕಂಬಳಿ ಭಾರ ಆತು. ಇಲ್ಲೇ ಇರ್ಲಿ," ಅಂದಳು. ಯಾರಿಗೆ ಎಂದು ಹೇಳಲಿಲ್ಲ.

ಚಂದನ ಹೋಗಿ ಆ ಟವಲಿನ ಗಂಟನ್ನು ತನ್ನ ಎಡಭುಜಕ್ಕೇರಿಸಿಕೊಂಡಳು. ಇದನ್ನ ನಾನು ಎತ್ತೀನಿ ಅಜ್ಜಿ ಅಂದಳು. ಬೇರೆ ಯಾರೇ ಆಗಿದ್ದರೂ ಅಜ್ಜಿ ಬಿಡುತ್ತಿರಲಿಲ್ಲ. ಅವಳ ಮುಖವನ್ನೇ ಒಂದು ಗಳಿಗೆ ನೋಡಿದಳು.

"ನಡಿ ಮತ್ತೆ. ಕುರಿ ಮುಂದಕ್ಕೆ ಹೋಗ್ತಾವೆ."

ಬಸ್ ನಿಲ್ದಾಣದವರೆಗೆ ಮಗಳು ಮುಂದೆ, ಅಜ್ಜಿ ಹಿಂದೆ. ಗಂಟಿಲ್ಲದ ಆ ಭುಜ ಆಗಲೂ ತಗ್ಗಿಯೇ ಇತ್ತು. ಕಿಟಕಿಯ ಸೀಟಿನಲ್ಲಿ ಕೂರಿಸಿ, ಗಂಟು ತೊಡೆಯ ಮೇಲಿಟ್ಟು ಚಂದನ ಇಳಿದು ಬಂದಳು. ರೈಟ್ ಎಂದು ಕೂಗಿದ್ದೂ ಅವಳೇ. ಅಜ್ಜಿಯನ್ನು ನಾವು ಕಂಡದ್ದು ಅದೇ ಕೊನೆ. ಯಲ್ಲದಕೆರೆ ಎಷ್ಟು ದೂರ, ಮುಂದಿನ ರಜೆಗೆ ಹೋಗಾಣ, ಅದರ ಮುಂದಿನ ರಜೆಗೆ ಹೋಗಾಣ ಎಂದು ದೂಡಿದವನು ನಾನು. ಊರೂರು ತಿರುಗುವವನಿಗೆ ಹತ್ತಿರದ ಊರೇ ದೂರ.

ಹೋದ ವರ್ಷ ಮಾಗಿಯಲ್ಲಿ, ದಾವಣಗೆರೆ ನಿಲ್ದಾಣದಲ್ಲಿದ್ದಾಗ ಅಜ್ಜಿಯ ತಮ್ಮನ ಮಗನ ಫೋನು ಬಂತು. ಅಜ್ಜಿ ಆ ಬೆಳಗಿನ ಜಾವ ಮಲಗಿದಲ್ಲೇ ಹೋಗಿದ್ದಳು. ಆಟಿಕೆಯವನು ಬುಟ್ಟಿ ಹಿಡಿದುಕೊಂಡು ಕಿಟಕಿಯ ಹತ್ತಿರ ಬಂದವನು ನನ್ನನ್ನು ನೋಡಿ ಮಾತಾಡಿಸದೆ ಮುಂದೆ ಹೋದ. ಹಿರಿಯೂರು ಬರುವವರೆಗೆ ಡ್ಯೂಟಿ ಬ್ಯಾಗಿನೊಳಗೆ ಕೈಯಿಟ್ಟುಕೊಂಡೇ ಇದ್ದೆ. ತಗಡಿನ ಬಸ್ಸು ಅಲ್ಲೇ ಇರುತ್ತದೆ, ಅಜ್ಜಿ ಹೇಳಿದ ದಿನದಿಂದ.

ದಾರಿಯುದ್ದಕ್ಕೂ ಮಗಳಿಗೆ ಹೇಗೆ ಹೇಳುವುದು ಎಂದೇ ಯೋಚಿಸಿದೆ. ಮೊದಲು ಸವಿತಳಿಗೆ ಹೇಳಬೇಕು, ಮಗು ತಿಂಡಿ ತಿಂದ ಮೇಲೆ ಕೂರಿಸಿಕೊಂಡು ಹೇಳಬೇಕು ಎಂದೆಲ್ಲ ಲೆಕ್ಕ ಹಾಕಿ ಬಾಗಿಲು ಬಡಿದೆ. ಚಂದನಳೇ ತೆಗೆದಳು. ಭುಜದ ಮೇಲಿದ್ದ ಬ್ಯಾಗಿನ ಕಡೆ ಅವಳ ಕಣ್ಣು ಹೋಗಲಿಲ್ಲ. ನನ್ನ ಮುಖ ನೋಡಿದಳು, ನೋಡುತ್ತಲೇ ಇದ್ದಳು. ನಾನಿನ್ನೂ ಬಾಯಿ ತೆರೆದಿರಲಿಲ್ಲ.

"ಅಜ್ಜಿ ಹೋದ್ಲಾ ಅಪ್ಪ?" ಅಂದಳು.